ಹುಳು ತಿಂದ ಎಲೆಯಿಂದ ಶುರುವಾಗುವ ತೋಟ: ಹಿತ್ತಲಿಗೆ ಹಕ್ಕಿ, ಚಿಟ್ಟೆಗಳು ಬಂದು ನೆಲೆಸುವುದು ಹೇಗೆ

ಮನೆಯ ಸುತ್ತಲಿನ ಜಾಗದಲ್ಲಿ ತೋಟ ಮಾಡಲು ಹೊರಡುವವರಲ್ಲಿ ಹೆಚ್ಚಿನವರು ಹೂವಿನಿಂದಲೇ ಯೋಚನೆ ಶುರುಮಾಡುತ್ತಾರೆ. ಬಣ್ಣದ ಹೂವಿದ್ದರೆ ಚಿಟ್ಟೆ ಬರುತ್ತದೆ, ಒಂದು ಬಟ್ಟಲಿನಲ್ಲಿ ಕಾಳು ಇಟ್ಟರೆ ಹಕ್ಕಿ ಬರುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಬರುವುದೇನೋ ನಿಜ. ಆದರೆ ಹಾಗೆ ಬಂದ ಜೀವಿಗಳು ಸ್ವಲ್ಪ ಹೊತ್ತು ಇದ್ದು ಹೊರಟುಹೋಗುತ್ತವೆಯೇ ಹೊರತು ಅಲ್ಲಿ ಮೊಟ್ಟೆಯಿಟ್ಟು ಮರಿ ಮಾಡಿ ಬಾಳುವುದು ಅಪರೂಪ. ಜೀವಿಗಳು ಹಾದುಹೋಗುವ ಹಿತ್ತಲಿಗೂ ಅವು ನೆಲೆಸುವ ಹಿತ್ತಲಿಗೂ ಇರುವ ಅಂತರವನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಎಲೆ. ಇನ್ನೂ ಸ್ಪಷ್ಟವಾಗಿ ಹೇಳಬೇಕೆಂದರೆ, ಆ ಎಲೆಯನ್ನು ತಿನ್ನಬಲ್ಲ ಹುಳುಗಳು ಎಷ್ಟಿವೆ ಎಂಬ ಸಂಗತಿ. ಇದು ಕೇಳಲು ವಿಚಿತ್ರವೆನಿಸಬಹುದು, ಏಕೆಂದರೆ ಎಲೆಯಲ್ಲಿ ತೂತು ಕಂಡರೆ ಗಿಡಕ್ಕೆ ರೋಗ ಬಂದಿದೆ ಎಂದು ಭಾವಿಸುವುದು ನಮಗೆಲ್ಲ ರೂಢಿಯಾಗಿದೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿಯೇ ನೋಡಬೇಕು.

ಸೂರ್ಯನ ಬೆಳಕನ್ನು ಆಹಾರವಾಗಿ ಮಾರ್ಪಡಿಸುವ ಶಕ್ತಿ ಇರುವುದು ಮುಖ್ಯವಾಗಿ ಸಸ್ಯಗಳಿಗೆ. ಆದರೆ ಹಕ್ಕಿ, ಕಪ್ಪೆ, ಹಲ್ಲಿ, ಜೇಡ ಮುಂತಾದ ಬಹುಪಾಲು ಪ್ರಾಣಿಗಳು ಎಲೆಯನ್ನು ನೇರವಾಗಿ ತಿಂದು ಅರಗಿಸಿಕೊಳ್ಳಲಾರವು. ಎಲೆಯಲ್ಲಿರುವ ಸತ್ವ ಅವುಗಳ ಹೊಟ್ಟೆ ಸೇರಬೇಕಾದರೆ ನಡುವೆ ಒಂದು ಕೊಂಡಿ ಬೇಕು, ಆ ಕೊಂಡಿಯೇ ಕೀಟ. ಅದರಲ್ಲೂ ಚಿಟ್ಟೆ ಮತ್ತು ಪತಂಗಗಳ ಕಂಬಳಿಹುಳುಗಳು ಈ ಕೆಲಸವನ್ನು ಎಲ್ಲಕ್ಕಿಂತ ಹೆಚ್ಚು ಮಾಡುತ್ತವೆ. ಅವು ಮೆತ್ತಗಿರುತ್ತವೆ, ಪ್ರೋಟೀನು ಮತ್ತು ಕೊಬ್ಬಿನಿಂದ ತುಂಬಿರುತ್ತವೆ, ಮರಿಹಕ್ಕಿಯ ಪುಟ್ಟ ಗಂಟಲಿನಲ್ಲಿ ಸುಲಭವಾಗಿ ಇಳಿಯುತ್ತವೆ. ಕಾಳು ತಿಂದು ಬದುಕುವ ಗುಬ್ಬಚ್ಚಿ ಕೂಡ ತನ್ನ ಮರಿಗಳಿಗೆ ಮೊದಲ ದಿನಗಳಲ್ಲಿ ಕೊಡುವುದು ಹುಳುಗಳನ್ನೇ. ಉತ್ತರ ಅಮೆರಿಕದ ಚಿಕಡಿ ಎಂಬ ಹಕ್ಕಿ ನಮ್ಮ ಗುಬ್ಬಚ್ಚಿಗಿಂತಲೂ ಹಗುರ. ಅದು ಒಂದು ಗೂಡಿನ ಮರಿಗಳನ್ನು ಹಾರುವ ಹಂತಕ್ಕೆ ತರಲು 6,000ದಿಂದ 9,000 ಕಂಬಳಿಹುಳುಗಳನ್ನು ಹುಡುಕಿ ತರಬೇಕಾಗುತ್ತದೆ ಎಂದು ಅಂದಾಜಿಸಲಾಗಿದೆ. ಇಷ್ಟು ಹುಳುಗಳು ಗೂಡಿನ ಹತ್ತಿರದಲ್ಲೇ ಸಿಗಬೇಕು, ದೂರ ಹೋಗಿ ತರಲು ಅದಕ್ಕೆ ಸಮಯವಿಲ್ಲ. ಕಾಳಿನ ಬಟ್ಟಲು ಈ ಕೊರತೆಯನ್ನು ತುಂಬಿಕೊಡಲಾರದು.

ಹಾಗಾದರೆ ಯಾವ ಗಿಡ ನೆಟ್ಟರೂ ಹುಳು ಬರುತ್ತದೆಯೇ? ಇಲ್ಲ, ವಿಷಯ ಜಟಿಲವಾಗುವುದು ಇಲ್ಲಿಯೇ. ಗಿಡಗಳು ಓಡಿಹೋಗಲಾರವು, ಆದ್ದರಿಂದ ತಮ್ಮನ್ನು ತಿನ್ನುವವರ ವಿರುದ್ಧ ರಾಸಾಯನಿಕಗಳನ್ನು ತಯಾರಿಸಿಕೊಳ್ಳುತ್ತವೆ. ಕೆಲವುದರಲ್ಲಿ ಕಹಿ, ಕೆಲವುದರಲ್ಲಿ ಘಾಟು, ಕೆಲವುದರಲ್ಲಿ ನೇರವಾದ ವಿಷ. ಲಕ್ಷಾಂತರ ವರ್ಷಗಳ ಒಡನಾಟದಲ್ಲಿ ಒಂದೊಂದು ಕೀಟ ಒಂದೊಂದು ಸಸ್ಯಕುಟುಂಬದ ವಿಷವನ್ನು ಮಾತ್ರ ಜೀರ್ಣಿಸಿಕೊಳ್ಳುವ ಉಪಾಯವನ್ನು ಕಂಡುಕೊಂಡಿದೆ, ಉಳಿದ ಗಿಡಗಳು ಅದರ ಪಾಲಿಗೆ ತಿನ್ನಲಾಗದ ವಸ್ತುಗಳು. ಚಿಟ್ಟೆಗಳು ಮತ್ತು ಸಸ್ಯಗಳು ಹೀಗೆ ಪರಸ್ಪರ ಒತ್ತಡದಲ್ಲಿ ಒಟ್ಟಾಗಿ ವಿಕಾಸಗೊಂಡಿವೆ ಎಂಬ ವಿಚಾರವನ್ನು ಪಾಲ್ ಅರ್ಲಿಕ್ ಮತ್ತು ಪೀಟರ್ ರೇವನ್ ಎಂಬ ವಿಜ್ಞಾನಿಗಳು 1964ರಲ್ಲಿ ಮುಂದಿಟ್ಟರು. ಎಕ್ಕದ ಕುಟುಂಬಕ್ಕೆ ಸೇರಿದ ಗಿಡಗಳು ಇದಕ್ಕೆ ಒಳ್ಳೆಯ ನಿದರ್ಶನ. ಎಲೆ ಮುರಿದರೆ ಒಸರುವ ಬಿಳಿ ಹಾಲಿನಲ್ಲಿ ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷವಿದೆ, ಜೊತೆಗೆ ಅದು ಗಾಳಿ ತಾಗಿದೊಡನೆ ಅಂಟಾಗಿ ಪುಟ್ಟ ಹುಳುವಿನ ಬಾಯನ್ನು ಮೆತ್ತಿಬಿಡುತ್ತದೆ. ಆದರೂ ಮೊನಾರ್ಕ್ ಎಂಬ ಚಿಟ್ಟೆಯ ಮರಿಹುಳು ಇದೇ ಕುಟುಂಬದ ಗಿಡವನ್ನು ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ. ಮೊಟ್ಟೆಯಿಂದ ಹೊರಬಂದ ಎಳೆಯ ಹುಳು ಎಲೆಯ ಮೇಲೆ ಉಂಗುರಾಕಾರದಲ್ಲಿ ಒಂದು ಸಣ್ಣ ಗೀರನ್ನು ಕಡಿದು, ಆ ಗೀರಿನಿಂದ ಹಾಲೆಲ್ಲ ಒಸರಿಹೋದ ಮೇಲೆ ಉಂಗುರದ ಒಳಗಿನ ಭಾಗವನ್ನು ಮೇಯುತ್ತದೆ. ಬೆಳೆದ ಹುಳುವಾದರೆ ನಡುನರವನ್ನೇ ಕಚ್ಚಿ ಎಲೆಯನ್ನು ಜೋಲುಬೀಳಿಸಿ ನಂತರ ತುದಿಯಿಂದ ತಿನ್ನಲಾರಂಭಿಸುತ್ತದೆ. ಅಷ್ಟೇ ಅಲ್ಲ, ಆ ವಿಷವನ್ನು ತನ್ನ ಮೈಯಲ್ಲೇ ಕೂಡಿಟ್ಟುಕೊಂಡು ಹಕ್ಕಿಗಳಿಗೆ ರುಚಿಸದಂತಾಗುತ್ತದೆ. ಎಕ್ಕದ ಗಿಡವೊಂದು ಹಿತ್ತಲಿನಲ್ಲಿದ್ದರೆ ಮೊನಾರ್ಕಿನ ಹತ್ತಿರದ ಬಂಧುವಾದ ಕಿತ್ತಳೆ ಬಣ್ಣದ ಚಿಟ್ಟೆಯ ಪಟ್ಟೆಪಟ್ಟೆ ಹುಳುಗಳನ್ನು ಎಲೆಯ ಅಡಿಯಲ್ಲಿ ಯಾರು ಬೇಕಾದರೂ ನೋಡಬಹುದು.

ಇದರಿಂದ ಹೊರಡುವ ತೀರ್ಮಾನ ಸರಳವಾದರೂ ತೋಟದ ಯೋಜನೆಯನ್ನೇ ಬದಲಿಸುವಂಥದ್ದು. ದೂರದೇಶದಿಂದ ಅಲಂಕಾರಕ್ಕೆಂದು ತಂದ ಗಿಡದ ರಾಸಾಯನಿಕಗಳನ್ನು ಎದುರಿಸುವ ಉಪಾಯ ಸ್ಥಳೀಯ ಕೀಟಗಳಿಗೆ ಇರುವುದಿಲ್ಲ. ಹೀಗಾಗಿ ಆ ಗಿಡ ಸೊಗಸಾಗಿ ಬೆಳೆದು, ಒಂದೂ ತೂತಿಲ್ಲದ ಹೊಳೆಯುವ ಎಲೆಗಳಿಂದ ತುಂಬಿಕೊಂಡಿರುತ್ತದೆ. ಆಹಾರಜಾಲದ ದೃಷ್ಟಿಯಿಂದ ಮಾತ್ರ ಅದು ಇದ್ದೂ ಇಲ್ಲದಂತೆ. ಅಮೆರಿಕದ ಪೂರ್ವಭಾಗದಲ್ಲಿ ಅಲ್ಲಿನದೇ ಆದ ಓಕ್ ಮರಗಳನ್ನು 500ಕ್ಕೂ ಹೆಚ್ಚು ಜಾತಿಯ ಚಿಟ್ಟೆ, ಪತಂಗಗಳ ಹುಳುಗಳು ಮೇಯುತ್ತವೆ, ಅದೇ ಬೀದಿಗಳಲ್ಲಿ ನೆಟ್ಟಿರುವ ಚೀನಾ ಮೂಲದ ಗಿಂಕ್ಗೊ ಮರವನ್ನು ಮೇಯುವ ಜಾತಿಗಳು ಬೆರಳೆಣಿಕೆಯಷ್ಟು ಮಾತ್ರ ಎಂಬುದನ್ನು ಕೀಟವಿಜ್ಞಾನಿ ಡಗ್ಲಸ್ ಟ್ಯಾಲಮಿ ಅವರ ಅಧ್ಯಯನಗಳು ತೋರಿಸಿವೆ. ವಾಷಿಂಗ್ಟನ್ ನಗರದ ಸುತ್ತಲಿನ ಮನೆತೋಟಗಳಲ್ಲಿ ಚಿಕಡಿ ಹಕ್ಕಿಗಳ ಗೂಡುಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಮತ್ತೊಂದು ಬದಿಯಿಂದ ಅಳೆಯಿತು. ತೋಟದ ಒಟ್ಟು ಸಸ್ಯರಾಶಿಯಲ್ಲಿ ಶೇಕಡಾ 70ಕ್ಕಿಂತ ಹೆಚ್ಚು ಸ್ಥಳೀಯ ಗಿಡಮರಗಳಿದ್ದ ಕಡೆ ಮಾತ್ರ ಈ ಹಕ್ಕಿಗಳು ತಮ್ಮ ಸಂಖ್ಯೆಯನ್ನು ಕಾಯ್ದುಕೊಳ್ಳುವಷ್ಟು ಮರಿಗಳನ್ನು ಬೆಳೆಸಲು ಸಾಧ್ಯವಾಗಿತ್ತು. ಈ ಅಂಕಿಯನ್ನು ಬೇರೆ ಪ್ರದೇಶಕ್ಕೆ, ಬೇರೆ ಹಕ್ಕಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಅದು ಕೊಡುವ ಸೂಚನೆ ನನಗೆ ಸಮಾಧಾನಕರವೆನಿಸುತ್ತದೆ, ಏಕೆಂದರೆ ಇಷ್ಟದ ಗುಲಾಬಿಯನ್ನೋ ದಾಸವಾಳವನ್ನೋ ಕಿತ್ತೆಸೆಯಬೇಕೆಂದು ಅದು ಹೇಳುತ್ತಿಲ್ಲ. ಅವು ತೋಟದ ಸಣ್ಣ ಪಾಲಾಗಿರಲಿ ಎಂದಷ್ಟೇ ಹೇಳುತ್ತದೆ.

ಚಿಟ್ಟೆಯ ವಿಷಯದಲ್ಲಿ ಎರಡು ಬಗೆಯ ಗಿಡಗಳನ್ನು ಬೇರೆ ಬೇರೆಯಾಗಿ ಯೋಚಿಸಬೇಕು. ಬೆಳೆದ ಚಿಟ್ಟೆ ಮಕರಂದ ಕುಡಿಯುವ ಗಿಡ ಒಂದು, ಅದು ಮೊಟ್ಟೆಯಿಡುವ ಆತಿಥೇಯ ಗಿಡ ಇನ್ನೊಂದು. ಮಕರಂದದ ವಿಷಯದಲ್ಲಿ ಚಿಟ್ಟೆಗೆ ಹೆಚ್ಚು ಹಟವಿಲ್ಲ, ಮೊಟ್ಟೆಯಿಡುವ ಗಿಡದ ವಿಷಯದಲ್ಲಿ ಮಾತ್ರ ಅದು ರಾಜಿಯಾಗುವುದೇ ಇಲ್ಲ. ನಿಂಬೆ ಚಿಟ್ಟೆಗೆ ನಿಂಬೆಯ ಕುಟುಂಬದ ಗಿಡಗಳೇ ಆಗಬೇಕು. ಕುಂಡದಲ್ಲಿರುವ ಕರಿಬೇವನ್ನೇ ಆಶ್ರಯಿಸುವ ಚಿಟ್ಟೆಗಳೂ ಇವೆ. ರೆಕ್ಕೆಯಲ್ಲಿ ಕಡುಗೆಂಪು ಮಚ್ಚೆಯಿರುವ ಗುಲಾಬಿ ಚಿಟ್ಟೆಗಳ ಗುಂಪಿಗೆ ಈಶ್ವರಿ ಬಳ್ಳಿಯ ಜಾತಿಯವೇ ಬೇಕು. ಲಂಟಾನದ ಪೊದೆಯ ಸುತ್ತ ಚಿಟ್ಟೆಗಳು ಮುತ್ತುವುದನ್ನು ಕಂಡು ಅದನ್ನು ತಂದು ನೆಡುವವರಿದ್ದಾರೆ. ಅದರ ಹೂವಿನಲ್ಲಿ ಮಕರಂದ ಧಾರಾಳವಾಗಿರುವುದು ಹೌದು, ಆದರೆ ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಈ ಪೊದೆ ಹಕ್ಕಿಗಳ ಮೂಲಕ ಬೀಜ ಹರಡಿ, ಅನೇಕ ದೇಶಗಳ ಕಾಡು, ಹುಲ್ಲುಗಾವಲುಗಳಲ್ಲಿ ಸ್ಥಳೀಯ ಗಿಡಗಳನ್ನು ಒತ್ತರಿಸಿ ಬೆಳೆದಿದೆ. ಹಿತ್ತಲಿನ ನಾಲ್ಕು ಚಿಟ್ಟೆಗಳಿಗಾಗಿ ಕಾಡಿನ ಆತಿಥೇಯ ಗಿಡಗಳನ್ನು ಕಳೆಯುವ ಈ ವ್ಯವಹಾರ ಸರಿಯಲ್ಲ. ಆಕ್ರಮಣಕಾರಿ ಎಂದು ಗುರುತಿಸಲಾದ ಗಿಡವನ್ನು ಎಷ್ಟೇ ಚಂದವಿದ್ದರೂ ನೆಡಬಾರದು.

ಹೂಗಳ ಆಯ್ಕೆಯಲ್ಲೂ ಗಮನಿಸಬೇಕಾದ ಸಂಗತಿಗಳಿವೆ. ಸಸಿತೋಟಗಳಲ್ಲಿ ಸಿಗುವ ಒತ್ತುದಳದ, ತುಂಬಿಕೊಂಡಂತೆ ಕಾಣುವ ಹೂಗಳಲ್ಲಿ ಅನೇಕ ವೇಳೆ ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುತ್ತವೆ, ಹೀಗಾಗಿ ಅಲ್ಲಿ ಪರಾಗ ಕಡಿಮೆ. ಮಕರಂದವಿದ್ದರೂ ದಳಗಳ ಸಂದಣಿಯನ್ನು ದಾಟಿ ಕೀಟ ಅದನ್ನು ತಲುಪಲಾರದು. ಒಂದೇ ಸುತ್ತಿನ ದಳಗಳಿರುವ ಹೂವೇ ಜೇನ್ನೊಣಕ್ಕೆ ಉಪಯುಕ್ತ. ಕೊಳವೆಯಾಕಾರದ ಹೂಗಳಿಗೆ ಸೂರಕ್ಕಿಯಂಥ ಉದ್ದ ಕೊಕ್ಕಿನ ಹಕ್ಕಿಗಳೂ ಉದ್ದ ನಾಲಗೆಯ ಪತಂಗಗಳೂ ಬರುತ್ತವೆ. ಕೊತ್ತಂಬರಿ, ಸಬ್ಬಸಿಗೆಯಂಥ ಗಿಡಗಳನ್ನು ಕೀಳದೆ ಹೂ ಬಿಡಲು ಬಿಟ್ಟರೆ, ಅವುಗಳ ಚಪ್ಪಟೆ ಗೊಂಚಲುಗಳ ಮೇಲೆ ಗಿಡ್ಡ ಬಾಯಿಯ ನೊಣಗಳು ಮತ್ತು ಸಣ್ಣ ಕಣಜಗಳು ಬಂದು ಕೂರುತ್ತವೆ. ಇವುಗಳ ಮಹತ್ವವೇನೆಂಬುದನ್ನು ಮುಂದೆ ಹೇಳುತ್ತೇನೆ. ಒಂದೇ ಜಾತಿಯ ಗಿಡಗಳನ್ನು ಅಲ್ಲೊಂದು ಇಲ್ಲೊಂದು ಚದುರಿಸದೆ ಗುಂಪಾಗಿ ನೆಡುವುದು ಲೇಸು, ಏಕೆಂದರೆ ಜೇನ್ನೊಣ ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಒಂದೇ ಜಾತಿಯ ಹೂಗಳನ್ನು ಹುಡುಕಿಕೊಂಡು ಹೋಗುತ್ತದೆ. ವರ್ಷದ ಎಲ್ಲ ತಿಂಗಳಲ್ಲಿ ಏನಾದರೊಂದು ಅರಳಿರುವಂತೆ ನೋಡಿಕೊಂಡರೆ ಸಾಕು.

ಎತ್ತರ, ನೆಲ ಮತ್ತು ನೀರು

ತೋಟದಲ್ಲಿ ಎಷ್ಟು ಜಾತಿಯ ಗಿಡಗಳಿವೆ ಎಂಬುದರ ಜೊತೆಗೆ ಅವು ಎಷ್ಟು ಎತ್ತರಗಳಲ್ಲಿ ಹರಡಿವೆ ಎಂಬುದೂ ಮುಖ್ಯ. ರಾಬರ್ಟ್ ಮೆಕಾರ್ಥರ್ ಮತ್ತು ಅವರ ಅಣ್ಣ ಜಾನ್ ಮೆಕಾರ್ಥರ್ 1961ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪರಿಸರ ವಿಜ್ಞಾನದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಒಂದು ಜಾಗದಲ್ಲಿ ಎಷ್ಟು ಬಗೆಯ ಹಕ್ಕಿಗಳಿರುತ್ತವೆ ಎಂಬುದನ್ನು ಅಲ್ಲಿನ ಸಸ್ಯಜಾತಿಗಳ ಸಂಖ್ಯೆಗಿಂತ ಎಲೆಗಳು ಬೇರೆ ಬೇರೆ ಎತ್ತರಗಳಲ್ಲಿ ಹೇಗೆ ಹಂಚಿಹೋಗಿವೆ ಎಂಬುದರಿಂದ ಹೆಚ್ಚು ನಿಖರವಾಗಿ ಊಹಿಸಬಹುದು ಎಂದು ಅವರು ಕಂಡುಕೊಂಡರು. ಕಾರಣ ಊಹಿಸಲು ಕಷ್ಟವಿಲ್ಲ. ಕೆಲವು ಹಕ್ಕಿಗಳು ಮರದ ತುದಿಯಲ್ಲಿ ಮಾತ್ರ ಆಹಾರ ಹುಡುಕುತ್ತವೆ, ಕೆಲವು ಆಳೆತ್ತರದ ಪೊದೆಯೊಳಗೆ ಗೂಡು ಕಟ್ಟುತ್ತವೆ, ಕೆಲವು ನೆಲದ ತರಗೆಲೆಯನ್ನು ಕೆದಕುತ್ತವೆ. ಒಂದು ಎತ್ತರದ ಮರ, ಅದರ ಕೆಳಗೆ ಹುಲ್ಲುಹಾಸು ಎಂಬ ಎರಡೇ ಅಂತಸ್ತಿನ ತೋಟದಲ್ಲಿ ನಡುವಿನವರಿಗೆ ಮನೆಯೇ ಇಲ್ಲದಂತಾಗುತ್ತದೆ. ಹೆಚ್ಚಿನ ತೋಟಗಳಲ್ಲಿ ಕಾಣೆಯಾಗಿರುವುದು ಈ ನಡುವಿನ ಪೊದೆಯ ಅಂತಸ್ತೇ. ಪಿಕಳಾರ, ಸಿಂಪಿಗದಂಥ ಹಕ್ಕಿಗಳಿಗೆ ಬೇಕಾದದ್ದು ಒಳಗೆ ಕಣ್ಣು ಹಾಯದಷ್ಟು ದಟ್ಟವಾದ ಪೊದೆ. ಮರಕ್ಕೆ ಜಾಗವಿಲ್ಲದ ಕಡೆಯಲ್ಲೂ ಕಾಂಪೌಂಡಿಗೆ ಹಬ್ಬಿಸಿದ ಬಳ್ಳಿ, ಅದರ ಮುಂದೆ ಸೊಂಟದೆತ್ತರದ ಪೊದೆಗಳ ಸಾಲು, ಅದರ ಬುಡದಲ್ಲಿ ನೆಲಕ್ಕೆ ಹರಡುವ ಗಿಡಗಳು ಎಂದು ಮೂರು ಅಂತಸ್ತುಗಳನ್ನು ಒಂದೂವರೆ ಮೀಟರ್ ಅಗಲದಲ್ಲೇ ಕೂಡಿಸಬಹುದು. ಪೊದೆಗಳನ್ನು ಪ್ರತಿ ತಿಂಗಳೂ ಚೌಕಾಕಾರಕ್ಕೆ ಕತ್ತರಿಸುತ್ತ ಹೋದರೆ ಹೂವೂ ಇಲ್ಲ, ಹಣ್ಣೂ ಇಲ್ಲ. ಗೂಡಿನ ಕಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಸವರಿದರೆ ಸಾಲದೇ?

ಕತ್ತರಿಸಿದ ಹುಲ್ಲುಹಾಸಿನ ಬಗ್ಗೆ ನನಗೆ ಹೆಚ್ಚಿನ ಒಲವಿಲ್ಲ. ಮಕ್ಕಳು ಆಡಲು, ಕುಳಿತುಕೊಳ್ಳಲು ಬೇಕಾದಷ್ಟು ಹುಲ್ಲು ಇರಲಿ, ಆದರೆ ಬೇರೇನು ಮಾಡಬೇಕೆಂದು ತೋಚದೆ ಉಳಿದ ಜಾಗವನ್ನೆಲ್ಲ ಹುಲ್ಲಿನಿಂದ ಮುಚ್ಚುವುದರಿಂದ ನೀರು, ಗೊಬ್ಬರ, ಇಂಧನಗಳ ವೆಚ್ಚವೇ ಹೊರತು ಜೀವಿಗಳಿಗೆ ಸಿಗುವುದು ತೀರ ಅಲ್ಪ. ಉಪಗ್ರಹ ಚಿತ್ರಗಳ ನೆರವಿನಿಂದ 2005ರಲ್ಲಿ ಮಾಡಲಾದ ಅಂದಾಜಿನ ಪ್ರಕಾರ ಅಮೆರಿಕದಲ್ಲಿ ಹುಲ್ಲುಹಾಸು ಆವರಿಸಿರುವ ಪ್ರದೇಶ ಸುಮಾರು 1,60,000 ಚದರ ಕಿಲೋಮೀಟರ್. ಅಲ್ಲಿ ನೀರಾವರಿಯಲ್ಲಿ ಬೆಳೆಯುವ ಯಾವ ಬೆಳೆಯೂ ಅಷ್ಟು ನೆಲವನ್ನು ಆವರಿಸಿಲ್ಲ. ಇರುವ ಹುಲ್ಲನ್ನೇ ಬೇರೆ ರೀತಿಯಲ್ಲಿ ನಿರ್ವಹಿಸಿದರೂ ಫಲ ಸಿಗುತ್ತದೆ. ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದ 16 ಮನೆಗಳ ಅಂಗಳಗಳಲ್ಲಿ ಹುಲ್ಲನ್ನು ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ ಮತ್ತು ಮೂರು ವಾರಕ್ಕೊಮ್ಮೆ ಕತ್ತರಿಸಿ ಹೋಲಿಸಿದಾಗ, ಮೂರು ವಾರ ಬಿಟ್ಟ ಕಡೆ ಹೂಗಳು ಹೆಚ್ಚಾಗಿದ್ದರೂ ಜೇನ್ನೊಣಗಳ ಸಂಖ್ಯೆ ಅತಿ ಹೆಚ್ಚಾಗಿದ್ದದ್ದು ಎರಡು ವಾರಕ್ಕೊಮ್ಮೆ ಕತ್ತರಿಸಿದ ಹಾಸಿನಲ್ಲಿ ಎಂದು 2018ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳುತ್ತದೆ. ಹುಲ್ಲು ತೀರ ಎತ್ತರವಾದರೆ ನೆಲಮಟ್ಟದ ಪುಟ್ಟ ಹೂಗಳನ್ನು ತಲುಪುವುದು ಜೇನ್ನೊಣಗಳಿಗೆ ಕಷ್ಟವಾಗಿರಬಹುದು ಎಂಬುದು ಸಂಶೋಧಕರ ವಿವರಣೆ. ಕೆಲಸ ಕಡಿಮೆ ಮಾಡುವುದರಿಂದಲೇ ಲಾಭವಾಗುವ ಇಂಥ ಸಂದರ್ಭಗಳು ತೋಟಗಾರಿಕೆಯಲ್ಲಿ ಅಪರೂಪವೇನಲ್ಲ.

ನೆಲದ ವಿಷಯದಲ್ಲಿಯೂ ಇದೇ ಮಾತು. ಜಗತ್ತಿನಲ್ಲಿ ಗುರುತಿಸಲಾಗಿರುವ ಜೇನ್ನೊಣಗಳ ಜಾತಿಗಳು 20,000ಕ್ಕೂ ಹೆಚ್ಚು. ಇವುಗಳಲ್ಲಿ ಬಹುಪಾಲು ಜೇನುಹುಟ್ಟು ಕಟ್ಟುವುದಿಲ್ಲ, ರಾಣಿಯೂ ಇಲ್ಲ, ದಾಸಿಯರೂ ಇಲ್ಲ. ಪ್ರತಿ ಹೆಣ್ಣೂ ಒಂಟಿಯಾಗಿ ತನ್ನ ಗೂಡನ್ನು ತಾನೇ ಮಾಡಿಕೊಳ್ಳುತ್ತದೆ. ಈ ಒಂಟಿ ಜೇನ್ನೊಣಗಳಲ್ಲಿ ಹತ್ತರಲ್ಲಿ ಏಳರಷ್ಟು ಜಾತಿಗಳು ಮಣ್ಣಿನಲ್ಲಿ ಬಿಲ ತೋಡುತ್ತವೆ, ಉಳಿದವು ಒಣಗಿದ ದಂಟು, ಬಿದಿರಿನ ಕೊಳವೆ, ಮರದ ತೂತುಗಳನ್ನು ಬಳಸುತ್ತವೆ. ಇಡೀ ಅಂಗಳಕ್ಕೆ ಕಲ್ಲುಚಪ್ಪಡಿ ಹಾಸಿದರೆ, ಇಲ್ಲವೇ ಪ್ರತಿ ಅಂಗುಲಕ್ಕೂ ದಪ್ಪ ಹೊದಿಕೆ ಹರಡಿದರೆ ಇವುಗಳಿಗೆ ಜಾಗವಿಲ್ಲ. ಬಿಸಿಲು ಬೀಳುವ ಒಂದು ಮೂಲೆಯಲ್ಲಿ ಒಂದಿಷ್ಟು ನೆಲವನ್ನು ಬರಿದಾಗಿ, ಅಗೆಯದೆ ಬಿಡಬೇಕು. ಇನ್ನೊಂದು ಮೂಲೆಯಲ್ಲಿ, ಮರದ ನೆರಳಿನಲ್ಲಿ, ಉದುರಿದ ಎಲೆಯನ್ನು ಗುಡಿಸದೆ ಉಳಿಸಬೇಕು. ಎಷ್ಟೋ ಪತಂಗಗಳು ಕೋಶಾವಸ್ಥೆಯನ್ನು ಕಳೆಯುವುದು ತರಗೆಲೆಯ ಅಡಿಯಲ್ಲಿ. ಎಲೆಯನ್ನು ಗುಡಿಸಿ ಸುಟ್ಟರೆ ಮರದ ಮೇಲೆ ಹುಳುವಾಗಿ ಬೆಳೆದದ್ದು ರೆಕ್ಕೆ ಬರುವ ಮೊದಲೇ ಬೂದಿಯಾಗುತ್ತದೆ. ಎರೆಹುಳು, ಸಹಸ್ರಪದಿ, ಶಿಲೀಂಧ್ರಗಳು ಆ ಎಲೆಯನ್ನು ಮಣ್ಣಾಗಿಸಿ ಅದೇ ಮರದ ಬೇರಿಗೆ ಉಣಿಸುತ್ತವೆ. ಸತ್ತ ಕೊಂಬೆಗಳ ರಾಶಿಯೂ ಹೀಗೆಯೇ ಉಪಯುಕ್ತ, ಆದರೆ ಗೆದ್ದಲಿನ ಕಾರಣದಿಂದ ಅದನ್ನು ಮನೆಯ ಗೋಡೆಯಿಂದ ದೂರವಿಡಬೇಕು.

ನೀರು ಇಟ್ಟ ದಿನದಿಂದಲೇ ಫಲ ಕಾಣಿಸುವ ಏರ್ಪಾಡು. ಹಕ್ಕಿಗಳಿಗೆ ಬೇಕಾದ ಆಳ ಎರಡರಿಂದ ಐದು ಸೆಂಟಿಮೀಟರ್ ಮಾತ್ರ, ಅಂಚು ಇಳಿಜಾರಾಗಿರಬೇಕು, ತಳ ಕಾಲಿಗೆ ಜಾರಬಾರದು. ಹಾರಿ ಕೂರಲು ಹತ್ತಿರದಲ್ಲೇ ಕೊಂಬೆ ಇರಬೇಕು, ಆದರೆ ಬೆಕ್ಕು ಅವಿತು ಕೂರುವಷ್ಟು ಹತ್ತಿರದಲ್ಲಿ ಪೊದೆಯಿರಬಾರದು. ಸೊಳ್ಳೆಯ ಭಯ ಸಹಜ. ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಬೆಚ್ಚಗಿನ ವಾತಾವರಣದಲ್ಲಿ ಏಳರಿಂದ ಹತ್ತು ದಿನ ತೆಗೆದುಕೊಳ್ಳುತ್ತದೆ, ಆದ್ದರಿಂದ ಮೂರು ನಾಲ್ಕು ದಿನಕ್ಕೊಮ್ಮೆ ಬಟ್ಟಲನ್ನು ಉಜ್ಜಿ ತೊಳೆದು ಹೊಸ ನೀರು ಹಾಕಿದರೆ ಆ ಚಕ್ರ ಪೂರ್ತಿಯಾಗುವುದಿಲ್ಲ. ಕೊಳವನ್ನೇ ತೋಡುವುದಾದರೆ ಲೆಕ್ಕ ಬೇರೆ. ಅಲ್ಲಿ ಕೊಡತಿಕೀಟದ ಮರಿಗಳು, ನೀರುತಿಗಣೆಗಳು ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ, ಕಪ್ಪೆಗಳು ಮೊಟ್ಟೆಯಿಡುತ್ತವೆ. ಕೊಳದ ಒಂದು ಬದಿಯಾದರೂ ನಿಧಾನವಾಗಿ ಇಳಿಯುವಂತಿದ್ದರೆ ಒಳಗೆ ಬಿದ್ದ ಪ್ರಾಣಿ ಹತ್ತಿ ಬರಬಹುದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕೊಳಕ್ಕೆ ಬೇಲಿಯಿರಲೇಬೇಕು.

ಹುಳು ಹೆಚ್ಚಾದಾಗ

ಇಷ್ಟೆಲ್ಲ ಹುಳುಗಳನ್ನು ಕರೆದರೆ ತೋಟ ಬೋಳಾಗುವುದಿಲ್ಲವೇ ಎಂಬ ಪ್ರಶ್ನೆ ಸಾಮಾನ್ಯವಾಗಿ ಏಳುತ್ತದೆ. ಉತ್ತರವನ್ನು ಅರ್ಥಮಾಡಿಕೊಳ್ಳಲು ಕಾಲದ ಅಂತರವನ್ನು ಗಮನಿಸಬೇಕು. ಎಳೆಯ ಚಿಗುರಿಗೆ ಸಸ್ಯಹೇನುಗಳು ಮುತ್ತಿದವು ಎಂದುಕೊಳ್ಳಿ. ಅವು ಗಂಡಿನ ನೆರವಿಲ್ಲದೆ, ಮೊಟ್ಟೆಯನ್ನೂ ಇಡದೆ ನೇರವಾಗಿ ಮರಿ ಹಾಕಬಲ್ಲವು, ಹೀಗಾಗಿ ಕೆಲವೇ ದಿನಗಳಲ್ಲಿ ಚಿಗುರು ಕಪ್ಪಿಟ್ಟಂತೆ ಕಾಣುತ್ತದೆ. ಅವುಗಳನ್ನು ತಿನ್ನುವ ಗುಲಗಂಜಿ ಹುಳು ಮತ್ತು ಸಿರ್ಫಿಡ್ ನೊಣಗಳಿಗೆ ಸುದ್ದಿ ಮುಟ್ಟಿ, ಅವು ಬಂದು ಮೊಟ್ಟೆಯಿಟ್ಟು, ಅವುಗಳ ಮರಿಗಳು ಬೆಳೆದು ತಿನ್ನಲಾರಂಭಿಸುವ ಹೊತ್ತಿಗೆ ಇನ್ನಷ್ಟು ದಿನ ಕಳೆದಿರುತ್ತವೆ. ತೋಟದ ಮಾಲೀಕರ ತಾಳ್ಮೆ ತಪ್ಪುವುದು ಈ ನಡುವಿನ ಅವಧಿಯಲ್ಲೇ. ಆಗ ಸಿಂಪಡಿಸಿದ ಕೀಟನಾಶಕ ಹೇನುಗಳ ಜೊತೆಗೆ ಆಗತಾನೇ ಬಂದಿದ್ದ ಬೇಟೆಗಾರರನ್ನೂ ಕೊಲ್ಲುತ್ತದೆ. ಅಳಿದುಳಿದ ಹೇನುಗಳು ವೇಗವಾಗಿ ಹೆಚ್ಚುತ್ತವೆ, ನಿಧಾನವಾಗಿ ಹೆಚ್ಚುವ ಬೇಟೆಗಾರರು ಹಿಂದಿರುಗಲು ಬಹಳ ಕಾಲ ಬೇಕಾಗುತ್ತದೆ, ಮುಂದಿನ ದಾಳಿ ಮೊದಲಿಗಿಂತ ಜೋರಾಗಿರುತ್ತದೆ. ತೀರ ಹೆಚ್ಚೆನಿಸಿದರೆ ನೀರನ್ನು ರಭಸವಾಗಿ ಚಿಮುಕಿಸಿ ಹೇನುಗಳನ್ನು ಉದುರಿಸುವುದು ಸಾಕು. ಕೊತ್ತಂಬರಿ, ಸಬ್ಬಸಿಗೆಯ ಹೂಗಳ ಮಾತು ಇಲ್ಲಿ ಮತ್ತೆ ಬರುತ್ತದೆ: ಬೆಳೆದ ಸಿರ್ಫಿಡ್ ನೊಣ ಮತ್ತು ಬೇರೆ ಕೀಟಗಳ ಮೈಯಲ್ಲಿ ಮೊಟ್ಟೆಯಿಡುವ ಪರಾವಲಂಬಿ ಕಣಜಗಳು ಬದುಕುವುದು ಇಂಥ ತೆರೆದ ಹೂಗಳ ಮಕರಂದ, ಪರಾಗಗಳಿಂದ, ಅವು ಹತ್ತಿರದಲ್ಲೇ ಇದ್ದರೆ ಸುದ್ದಿ ಮುಟ್ಟುವುದು ತಡವಾಗುವುದಿಲ್ಲ.

ನಿಯೋನಿಕೋಟಿನಾಯ್ಡ್ ಗುಂಪಿನ ಕೀಟನಾಶಕಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಇವು ಗಿಡದ ರಸದಲ್ಲೇ ಬೆರೆತು ಎಲೆ, ಹೂ, ಮಕರಂದ, ಪರಾಗಗಳಿಗೆಲ್ಲ ಹರಡುತ್ತವೆ. ಜೇನ್ನೊಣಗಳಿಗಾಗುವ ಹಾನಿಯ ಕಾರಣ ಐರೋಪ್ಯ ಒಕ್ಕೂಟವು ಇಮಿಡಾಕ್ಲೋಪ್ರಿಡ್ ಸೇರಿದಂತೆ ಈ ಗುಂಪಿನ ಮೂರು ರಾಸಾಯನಿಕಗಳ ಹೊರಾಂಗಣ ಬಳಕೆಯನ್ನು 2018ರಲ್ಲಿ ನಿಷೇಧಿಸಿತು. ಸಸಿಗಳನ್ನು ಕೊಳ್ಳುವಾಗ ಅವಕ್ಕೆ ಇಂಥದ್ದೇನಾದರೂ ಹಾಕಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು. ಚಿಟ್ಟೆಗೆಂದು ತಂದ ಆತಿಥೇಯ ಗಿಡವೇ ಮರಿಹುಳುವಿಗೆ ವಿಷವಾಗಬಾರದು.

ಬೇಟೆಗಾರರಲ್ಲಿ ಕುಂಬಾರ ಕಣಜವನ್ನು ಒಮ್ಮೆಯಾದರೂ ಹತ್ತಿರದಿಂದ ನೋಡಬೇಕು. ಹೆಣ್ಣು ಕಣಜ ಬಾಯಲ್ಲಿ ನೀರು ತುಂಬಿಕೊಂಡು ಬಂದು, ಒಣಮಣ್ಣಿನ ಮೇಲೆ ಅದನ್ನು ಉಗುಳಿ, ಹದ ಮಾಡಿ, ಬಟಾಣಿ ಕಾಳಿನಷ್ಟು ದೊಡ್ಡ ಮಣ್ಣುಂಡೆ ಮಾಡಿಕೊಂಡು ಗೋಡೆಗೋ ಕಡ್ಡಿಗೋ ಹೊತ್ತು ತರುತ್ತದೆ. ಒಂದೊಂದೇ ಉಂಡೆಯನ್ನು ತೆಳ್ಳಗೆ ಎಳೆದು ಅಂಟಿಸುತ್ತ, ಮೇಲೆ ಅಗಲ ಬಾಯಿಯ ಕಂಠವಿರುವ ಪುಟ್ಟ ಗಡಿಗೆಯನ್ನು ಕಟ್ಟುತ್ತದೆ. ಒಳಗೆ ಗಡಿಗೆಯ ಮಾಡಿಗೆ ಸಣ್ಣ ಎಳೆಯೊಂದರಿಂದ ಮೊಟ್ಟೆಯನ್ನು ತೂಗುಹಾಕಿ, ಆಮೇಲೆ ಬೇಟೆಗೆ ಹೊರಡುತ್ತದೆ. ಕುಟುಕಿ ನಿಶ್ಚೇಷ್ಟಗೊಳಿಸಿದ, ಆದರೆ ಜೀವಂತವಾಗಿರುವ ಕಂಬಳಿಹುಳುಗಳನ್ನು ಒಂದೊಂದಾಗಿ ತಂದು ಬಾಯಿಯ ಮೂಲಕ ತುರುಕಿ, ಗಡಿಗೆ ತುಂಬಿದ ಮೇಲೆ ಮಣ್ಣಿನಿಂದ ಮುಚ್ಚಿಬಿಡುತ್ತದೆ. ಮೊಟ್ಟೆಯೊಡೆದು ಬಂದ ಮರಿ ಆ ದಾಸ್ತಾನನ್ನು ತಿಂದು ಬೆಳೆದು, ಗಡಿಗೆಯನ್ನು ಕೊರೆದುಕೊಂಡು ಹೊರಬರುತ್ತದೆ. ಕಿಟಕಿಯ ಚೌಕಟ್ಟಿನಲ್ಲಿ ಕಂಡ ಇಂಥ ಮಣ್ಣಿನ ಗುಬುಟುಗಳನ್ನು ಕೊಳೆಯೆಂದು ಕೆರೆದುಹಾಕುವವರು ಅದರಲ್ಲಿ ಏನಿದೆಯೆಂದು ತಿಳಿದರೆ ಖಂಡಿತ ಕೈ ತಡೆಯುತ್ತಾರೆ ಎಂದು ನನ್ನ ನಂಬಿಕೆ. ಈ ಕಣಜ ಗೂಡು ಕಾಯುತ್ತ ಜನರ ಮೇಲೆ ಎರಗುವ ಜಾತಿಯದಲ್ಲ.

ಹಾವಿನ ವಿಚಾರವನ್ನು ಹೇಳದೆ ಬಿಡುವುದು ಪ್ರಾಮಾಣಿಕತೆಯಲ್ಲ. ಕಪ್ಪೆ, ಇಲಿಗಳಿರುವಲ್ಲಿ ಹಾವು ಬರಬಹುದು. ಇದಕ್ಕೆ ಪರಿಹಾರವಿರುವುದು ವಿನ್ಯಾಸದಲ್ಲಿ. ಮನೆಯ ಗೋಡೆ, ಬಾಗಿಲು, ಓಡಾಡುವ ದಾರಿಗಳ ಸುತ್ತ ಕಣ್ಣಿಗೆ ನೆಲ ಸ್ಪಷ್ಟವಾಗಿ ಕಾಣುವಂತೆ ಗಿಡ್ಡ ಹುಲ್ಲು, ಕುಂಡಗಳು, ಬಿಡಿ ಗಿಡಗಳಿರಲಿ. ಅಲ್ಲಿಂದ ದೂರ ಸರಿದಂತೆ ಪೊದೆ ದಟ್ಟವಾಗಲಿ. ತರಗೆಲೆ, ಸೌದೆರಾಶಿ, ಕಲ್ಲುಗುಡ್ಡೆಗಳು ಅತಿ ದೂರದ ಅಂಚಿನಲ್ಲಿರಲಿ. ಚೆಲ್ಲಿದ ಧಾನ್ಯ, ತೆರೆದಿಟ್ಟ ಕಸ ಇಲಿಗಳನ್ನು ಕರೆಯುತ್ತವೆ, ಅದನ್ನು ತಪ್ಪಿಸಿದರೆ ಅರ್ಧ ಆತಂಕ ಕಡಿಮೆಯಾಗುತ್ತದೆ. ಇಲಿಪಾಷಾಣ ಮಾತ್ರ ಬೇಡ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷಗಳನ್ನು ತಿಂದ ಇಲಿ ಸಾಯಲು ಕೆಲವು ದಿನ ಹಿಡಿಯುತ್ತದೆ, ಆ ದಿನಗಳಲ್ಲಿ ಮಂಕಾಗಿ ಓಡಾಡುವ ಇಲಿಯನ್ನು ಹಿಡಿದು ತಿಂದ ಗೂಬೆಯ ಮೈಯಲ್ಲೂ ಆ ವಿಷ ಸೇರುತ್ತದೆ. ದೂರದಿಂದ ನೋಡುವವರಿಗೆ ಇಂಥ ತೋಟ ಪಾಳುಬಿದ್ದಂತೆ ಕಾಣಬಾರದೆಂದಿದ್ದರೆ, ಅಂಚುಗಳನ್ನು ಮಾತ್ರ ಕಟ್ಟುನಿಟ್ಟಾಗಿ ಇಟ್ಟುಕೊಳ್ಳುವುದು ಉಪಯುಕ್ತ: ಗೆರೆ ಎಳೆದಂತೆ ಕತ್ತರಿಸಿದ ಹುಲ್ಲಿನ ಪಟ್ಟಿಯೊಂದು ಒಳಗಿನ ದಟ್ಟಣೆ ಉದ್ದೇಶಪೂರ್ವಕವಾದದ್ದೆಂದು ಹೇಳುತ್ತದೆ.

ಕರೆದು ಕೊಲ್ಲದಿರುವುದು

ಜೀವಿಗಳನ್ನು ಮನೆಯ ಹತ್ತಿರಕ್ಕೆ ಕರೆದ ಮೇಲೆ ಅವುಗಳ ಸುರಕ್ಷತೆ ನಮ್ಮ ಹೊಣೆ. ಗಾಜಿನಲ್ಲಿ ಪ್ರತಿಬಿಂಬಿಸುವ ಮರ ಮತ್ತು ಆಕಾಶವನ್ನು ಹಕ್ಕಿ ನಿಜವೆಂದೇ ತಿಳಿಯುತ್ತದೆ. ಅಮೆರಿಕವೊಂದರಲ್ಲೇ ಕಟ್ಟಡಗಳಿಗೆ ಡಿಕ್ಕಿ ಹೊಡೆದು ವರ್ಷಕ್ಕೆ 36.5 ಕೋಟಿಯಿಂದ 100 ಕೋಟಿಯಷ್ಟು ಹಕ್ಕಿಗಳು ಸಾಯುತ್ತವೆ ಎಂದು 2014ರ ಅಧ್ಯಯನವೊಂದು ಅಂದಾಜಿಸಿದೆ. ಗಾಜಿನ ಮಧ್ಯೆ ಗಿಡುಗನ ಚಿತ್ರವೊಂದನ್ನು ಅಂಟಿಸಿದರೆ ಪ್ರಯೋಜನವಿಲ್ಲ, ಹಕ್ಕಿ ಅದರ ಪಕ್ಕದ ಖಾಲಿ ಜಾಗಕ್ಕೆ ನುಗ್ಗುತ್ತದೆ. ಗಾಜಿನ ಹೊರಮೈಗೆ ಐದು ಸೆಂಟಿಮೀಟರ್ ಅಂತರದಲ್ಲಿ ಚುಕ್ಕೆಗಳನ್ನೋ ಗೆರೆಗಳನ್ನೋ ಹಾಕಬೇಕು, ಇಲ್ಲವೇ ಹೊರಗಡೆಯಿಂದ ಬಲೆ ಕಟ್ಟಬೇಕು. ಸಾಕುಬೆಕ್ಕನ್ನು ಒಳಗೇ ಇರಿಸಿಕೊಳ್ಳುವುದು ಹಕ್ಕಿಗೂ ಬೆಕ್ಕಿಗೂ ಕ್ಷೇಮ. ರಾತ್ರಿಯಿಡೀ ಉರಿಯುವ ಬಿಳಿ ದೀಪದ ಸುತ್ತ ಪತಂಗಗಳು ಸುತ್ತಿ ಸುತ್ತಿ, ಉಣ್ಣದೆ, ಜೊತೆಯನ್ನು ಹುಡುಕದೆ ಬಳಲುತ್ತವೆ. ಯಾರಾದರೂ ಓಡಾಡಿದಾಗ ಮಾತ್ರ ಹೊತ್ತಿಕೊಳ್ಳುವ, ಕೆಳಮುಖವಾದ, ಹಳದಿ ಛಾಯೆಯ ದೀಪ ಸಾಕಾಗುತ್ತದೆ. ಕಾಳಿನ ಬಟ್ಟಲನ್ನು ಇಡುವವರು ಅದನ್ನು ನಿಯಮಿತವಾಗಿ ತೊಳೆಯಲೇಬೇಕು. ಬ್ರಿಟನ್ನಿನಲ್ಲಿ 2005ರಿಂದ ಕಾಣಿಸಿಕೊಂಡ ಟ್ರೈಕೋಮೊನೋಸಿಸ್ ಎಂಬ ಗಂಟಲುರೋಗ ಎಂಜಲಾದ ಆಹಾರ, ನೀರುಗಳಿಂದ ಹರಡಿ, ಗ್ರೀನ್‌ಫಿಂಚ್ ಎಂಬ ತೀರ ಸಾಮಾನ್ಯವಾಗಿದ್ದ ಹಕ್ಕಿಯನ್ನು ಎಷ್ಟು ಕುಗ್ಗಿಸಿತೆಂದರೆ, 2021ರಲ್ಲಿ ಅದನ್ನು ಅಲ್ಲಿನ ಅಪಾಯಸ್ಥಿತಿಯ ಕೆಂಪುಪಟ್ಟಿಗೆ ಸೇರಿಸಬೇಕಾಯಿತು.

ನೋಡುವ ಕ್ರಮ

ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಜೆನಿಫರ್ ಓವೆನ್ ಎಂಬ ಜೀವವಿಜ್ಞಾನಿ ತಮ್ಮ ಮನೆಯ ಸಾಮಾನ್ಯ ತೋಟದಲ್ಲಿ 1972ರಿಂದ 2001ರವರೆಗೆ ಕಂಡ ಜೀವಿಗಳನ್ನೆಲ್ಲ ದಾಖಲಿಸುತ್ತ ಬಂದರು. ಆ ತೋಟ ಕಾಲು ಎಕರೆಗಿಂತಲೂ ಚಿಕ್ಕದು. ಮೂರು ದಶಕಗಳ ಕೊನೆಗೆ ಅವರ ಪಟ್ಟಿಯಲ್ಲಿದ್ದದ್ದು 2,673 ಜಾತಿಗಳು. ಅದರಲ್ಲಿ 474 ಸಸ್ಯಗಳು, 1,997 ಕೀಟಗಳು, 138 ಇತರ ಅಕಶೇರುಕಗಳು, 64 ಕಶೇರುಕಗಳು. ವಿಜ್ಞಾನಕ್ಕೇ ಹೊಸದಾದ ಕೆಲವು ಪರಾವಲಂಬಿ ಕಣಜಗಳೂ ಅಲ್ಲಿ ಸಿಕ್ಕಿದ್ದವು. ಈ ಅಂಕಿಗಳಲ್ಲಿ ಒಂದು ಸೂಕ್ಷ್ಮವಿದೆ. ನಾವು ವನ್ಯಜೀವಿಗಳೆಂದು ಸಾಮಾನ್ಯವಾಗಿ ಕರೆಯುವ ಹಕ್ಕಿ, ಸಸ್ತನಿ, ಕಪ್ಪೆಗಳೆಲ್ಲ ಸೇರಿ 64 ಆದರೆ, ಕೀಟಗಳು ಅದರ ಮೂವತ್ತು ಪಟ್ಟಿಗಿಂತ ಹೆಚ್ಚು. ಹಿತ್ತಲಿನ ಜೀವಿಗಳನ್ನು ನೋಡಿ ಸಂತೋಷಪಡುವುದೆಂದರೆ ಬಹುಪಾಲು ಕೀಟಗಳನ್ನು ನೋಡಲು ಕಲಿಯುವುದೇ ಆಗಿದೆ.

ಅದಕ್ಕೆ ಹೆಚ್ಚಿನ ಸಲಕರಣೆ ಬೇಕಿಲ್ಲ. ಎಂಟು ಪಟ್ಟು ಹಿಗ್ಗಿಸಿ ತೋರಿಸುವ, ಎರಡು ಮೀಟರ್ ದೂರದ ವಸ್ತುವೂ ಸ್ಪಷ್ಟವಾಗಿ ಕಾಣುವ ದುರ್ಬೀನು ಇದ್ದರೆ ಹಕ್ಕಿಗೂ ಚಿಟ್ಟೆಗೂ ಒಂದೇ ಸಾಕು. ಹಕ್ಕಿಗಳನ್ನು ಬೆಳಗಿನ ಮೊದಲ ಹೊತ್ತಿನಲ್ಲಿ, ಚಿಟ್ಟೆಗಳನ್ನು ಬಿಸಿಲು ಏರಿ ಅವುಗಳ ಮೈ ಬೆಚ್ಚಗಾದ ಮೇಲೆ, ಜೇಡ ಮತ್ತು ಪತಂಗಗಳನ್ನು ಕತ್ತಲಾದ ಮೇಲೆ ಟಾರ್ಚು ಹಿಡಿದು ನೋಡಬೇಕು. ತೋಟದಲ್ಲಿ ಸುತ್ತಾಡುವುದಕ್ಕಿಂತ ಒಂದೇ ಗಿಡದ ಮುಂದೆ ಅಲುಗಾಡದೆ ಕಾಲು ಗಂಟೆ ಕೂರುವುದರಿಂದ ಹೆಚ್ಚು ಕಾಣುತ್ತದೆ. ನಿಂಬೆ ಗಿಡದ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಬಿದ್ದಿರುವ ಕಂದು-ಬಿಳಿ ಮಚ್ಚೆ, ದಿಟ್ಟಿಸಿ ನೋಡಿದಾಗ, ನಿಂಬೆ ಚಿಟ್ಟೆಯ ಎಳೆಯ ಮರಿಹುಳು ಎಂದು ತಿಳಿಯುತ್ತದೆ. ಗುಲಾಬಿಯ ಎಲೆಯಂಚಿನಲ್ಲಿ ಅಚ್ಚುಕಟ್ಟಾದ ಅರ್ಧಚಂದ್ರಾಕಾರದ ಕಡಿತಗಳಿದ್ದರೆ ಅದು ತಿನ್ನುವ ಹುಳುವಿನ ಕೆಲಸವಲ್ಲ. ಎಲೆ ಕತ್ತರಿಸುವ ಒಂಟಿ ಜೇನ್ನೊಣ ಆ ತುಂಡುಗಳನ್ನು ಸುರುಳಿ ಸುತ್ತಿ ತನ್ನ ಮೊಟ್ಟೆಗಳಿಗೆ ತೊಟ್ಟಿಲು ಮಾಡಿಕೊಂಡಿರುತ್ತದೆ, ಗಿಡಕ್ಕೆ ಅದರಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ.

ಕಂಡದ್ದನ್ನು ದಿನಾಂಕದೊಂದಿಗೆ ಬರೆದಿಡುವ ಅಭ್ಯಾಸವನ್ನು ನಾನು ಒತ್ತಿ ಹೇಳುತ್ತೇನೆ. ಹೆಸರು ತಿಳಿಯದಿದ್ದರೆ ಮೊಬೈಲಿನಲ್ಲಿ ಚಿತ್ರ ತೆಗೆದು 2008ರಲ್ಲಿ ಆರಂಭವಾದ ಐನ್ಯಾಚುರಲಿಸ್ಟ್ ತಾಣಕ್ಕೆ ಹಾಕಬಹುದು, ಅಲ್ಲಿ ಬಲ್ಲವರು ಗುರುತಿಸಿಕೊಡುತ್ತಾರೆ. ಹಕ್ಕಿಗಳ ಪಟ್ಟಿಗೆ 2002ರಿಂದ ಇಬರ್ಡ್ ಇದೆ. ಹೀಗೆ ಸೇರಿದ ದಾಖಲೆಗಳನ್ನು ವಲಸೆ ಮತ್ತು ಸಂತತಿಯ ಏರಿಳಿತಗಳನ್ನು ಅಧ್ಯಯನ ಮಾಡುವ ವಿಜ್ಞಾನಿಗಳು ಬಳಸುತ್ತಾರೆ. ತೋಟದ ಮಟ್ಟಿಗೆ ಹೇಳುವುದಾದರೆ ಇನ್ನೊಂದು ನೇರ ಉಪಯೋಗವಿದೆ. ಯಾವ ಗಿಡದಲ್ಲಿ ಯಾವ ತಿಂಗಳು ಯಾವ ಹುಳು, ಯಾವ ಹೂವಿಗೆ ಯಾವ ಜೇನ್ನೊಣ, ಯಾವ ಹಣ್ಣಿಗೆ ಯಾವ ಹಕ್ಕಿ ಎಂದು ಒಂದು ವರ್ಷ ಬರೆದ ಮೇಲೆ ಖಾಲಿ ಉಳಿದ ಸಾಲುಗಳು ತಾವಾಗಿಯೇ ಎದ್ದು ಕಾಣುತ್ತವೆ. ಎರಡನೆಯ ಮಳೆಗಾಲ ಕಳೆದರೂ ಒಂದೂ ಎಲೆ ಕಡಿಸಿಕೊಳ್ಳದ, ಹೂವಿಗೆ ಯಾರೂ ಬಾರದ, ಹಣ್ಣನ್ನೂ ಬಿಡದ ಗಿಡ ಯಾವುದೆಂದು ಆ ಪುಟಗಳಲ್ಲಿ ಹುಡುಕಿ, ಅದರ ಜಾಗಕ್ಕೆ ಆ ಪ್ರದೇಶದ್ದೇ ಆದ ಒಂದು ಪೊದೆಯನ್ನು ಮುಂದಿನ ಮಳೆಗೆ ಮುಂಚೆ ಆರಿಸಿಕೊಳ್ಳಬಹುದು.